ಬಿಸಿಲು ತುಂಬಿದ ಇಂಡೀ ಪಾಪ್: ಹೆಚ್ಚು ಜನ ಕೇಳದ ಬ್ಯಾಂಡುಗಳನ್ನು ನೀವು ಹೇಗೆ ಹುಡುಕುತ್ತೀರಿ?

ಮಾವಿನ ತೋಪು

ಎಲ್ಲರಿಗೂ ನಮಸ್ಕಾರ. ಇಂಡೀ ಪಾಪ್‌ನಲ್ಲಿ, ಅಂದರೆ ದೊಡ್ಡ ಕಂಪನಿಗಳ ಹೊರಗೆ ಸಣ್ಣ ಬ್ಯಾಂಡುಗಳು ಮಾಡುವ ಪಾಪ್‌ನಲ್ಲಿ, ಒಂದು ಬಗೆಯ ಹಾಡುಗಳ ಬೆನ್ನು ಹತ್ತಿದ್ದೇನೆ, ನಿಮ್ಮ ಸಹಾಯ ಬೇಕು.

ಗಿಟಾರ್ ಗುರುಗುಟ್ಟಬಾರದು. ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಮಿನುಗಬೇಕು. ಹಿಂದೆ ಎಲ್ಲೋ ಒಂದು ಟ್ಯಾಂಬೊರಿನ್ ಇರಬೇಕು. ಹಾಡುವವರು ಮಹಾ ಗಾಯಕರಾಗಿರಬೇಕಿಲ್ಲ, ಮಾತಾಡುವ ದನಿಯಲ್ಲೇ ಹಾಡಿದರೂ ಸಾಕು. ಮೂರು ನಿಮಿಷದಲ್ಲಿ ಮುಗಿಯಬೇಕು. ಕೇಳುತ್ತಿದ್ದರೆ ಬೆಳಗ್ಗೆ ಕಿಟಕಿ ತೆಗೆದು ಬಿಸಿಲನ್ನು ಒಳಗೆ ಬಿಟ್ಟುಕೊಂಡ ಹಾಗಿರಬೇಕು.

ರಿಯಲ್ ಎಸ್ಟೇಟ್, ಆಲ್ವೇಸ್, ಬೆಸ್ಟ್ ಕೋಸ್ಟ್, ಕ್ಯಾಮೆರಾ ಅಬ್ಸ್‌ಕ್ಯೂರಾ ಬ್ಯಾಂಡುಗಳನ್ನೆಲ್ಲಾ ಕೇಳಿದ್ದಾಗಿದೆ. ಇಷ್ಟವೂ ಆಗಿದೆ. ಆದರೆ ಆ್ಯಪ್ ಇವುಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಹೊಸದು ಕೊಡು ಅಂದರೆ ಮತ್ತೆ ಅದೇ ಹಾಡುಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿ ಕೊಡುತ್ತದೆ. ಇವುಗಳ ಹಿಂದೆ, ಪಕ್ಕದಲ್ಲಿ, ಇನ್ನೂ ಎಷ್ಟೋ ಬ್ಯಾಂಡುಗಳು ಇರಲೇಬೇಕಲ್ವಾ? ಬರೀ ಹೆಸರುಗಳ ಪಟ್ಟಿ ಕೊಡಬೇಡಿ. ನೀವು ಅಲ್ಲಿಗೆ ತಲುಪಿದ ದಾರಿ ಹೇಳಿ, ಮುಂದಿನದನ್ನು ನಾನೇ ಹುಡುಕಿಕೊಳ್ಳುತ್ತೇನೆ.

ಏಳಿಂಚು

ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಒಂದೇ: ಬ್ಯಾಂಡ್ ಹುಡುಕಬೇಡಿ, ಲೇಬಲ್ (ರೆಕಾರ್ಡ್ ಹೊರತರುವ ಕಂಪನಿ) ಹುಡುಕಿ.

ಈ ಸಂಗೀತ ಬೆಳೆದದ್ದು ಪುಟ್ಟ ಪುಟ್ಟ ಲೇಬಲ್‌ಗಳ ಮನೆಯಲ್ಲಿ. ಒಬ್ಬರೋ ಇಬ್ಬರೋ ಸೇರಿ ತಮಗೆ ಇಷ್ಟವಾದದ್ದನ್ನು ಮಾತ್ರ ಹೊರತರುತ್ತಿದ್ದರು. ಹಾಗಾಗಿ ಒಂದು ಬ್ಯಾಂಡ್ ನಿಮಗೆ ಹಿಡಿಸಿದರೆ ಅದೇ ಲೇಬಲ್‌ನ ಇನ್ನೂ ನಾಲ್ಕೈದು ಹಿಡಿಸುವ ಸಂಭವ ಜಾಸ್ತಿ. ಯಾವ ಯಂತ್ರದ ಶಿಫಾರಸಿಗಿಂತಲೂ ಇದು ಮೇಲು, ಏಕೆಂದರೆ ಆ ಆಯ್ಕೆಯ ಹಿಂದೆ ಒಬ್ಬ ಮನುಷ್ಯನ ಕಿವಿ ಇದೆ.

ಶುರು ಮಾಡೋದಾದರೆ ಸಾರಾ ರೆಕಾರ್ಡ್ಸ್‌ನಿಂದ ಮಾಡಿ. 1987ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕ್ಲೇರ್ ವಾಡ್ ಮತ್ತು ಮ್ಯಾಟ್ ಹೇನ್ಸ್ ಶುರು ಮಾಡಿದ್ದು. ಇಬ್ಬರೂ ಅದಕ್ಕೆ ಮೊದಲು ಕೈಬರಹ, ಫೋಟೋಕಾಪಿಯ ಫ್ಯಾನ್‌ಜೀನ್‌ಗಳನ್ನು, ಅಂದರೆ ಅಭಿಮಾನಿಗಳೇ ತರುವ ಪುಟ್ಟ ಪತ್ರಿಕೆಗಳನ್ನು, ಮಾಡುತ್ತಿದ್ದವರು. ಅವರ ಪ್ರೀತಿ ಎಲ್ಲ ಒಂದೆರಡು ಹಾಡು ಹಿಡಿಸುವ ಏಳಿಂಚಿನ ಸಿಂಗಲ್ ರೆಕಾರ್ಡುಗಳ ಮೇಲೆ. ಓದುವ ಹುಡುಗ ಹುಡುಗಿಯರ ಕೈಗೆಟಕುವ ಬೆಲೆಗೆ ಸಿಗಬೇಕು ಅನ್ನುವುದು ಅವರ ಹಟ. ದಿ ಸೀ ಅರ್ಚಿನ್ಸ್ ಮೊದಲು ಬಂತು. ಆಮೇಲೆ ದಿ ಆರ್ಕಿಡ್ಸ್, ದಿ ಫೀಲ್ಡ್ ಮೈಸ್, ಅನದರ್ ಸನ್ನಿ ಡೇ, ಬ್ರೈಟರ್, ಹೆವೆನ್ಲಿ, ಬ್ಲೂಬಾಯ್. ಆಸ್ಟ್ರೇಲಿಯಾದ ಈವನ್ ಆ್ಯಸ್ ವಿ ಸ್ಪೀಕ್ ಕೂಡ ಇಲ್ಲೇ ಇತ್ತು.

ಒಂದು ವಿಷಯ ನನಗೆ ಬಹಳ ಇಷ್ಟ. ಅವರ ಸಂಕಲನ ಆಲ್ಬಂಗಳಿಗೆಲ್ಲ ಬ್ರಿಸ್ಟಲ್ ಸುತ್ತಮುತ್ತಲ ಜಾಗಗಳ ಹೆಸರು. ಟೆಂಪಲ್ ಕ್ಲೌಡ್, ಏರ್ ಬಲೂನ್ ರೋಡ್, ಹೀಗೆ. ಕ್ಯಾಟಲಾಗ್ ನಂಬರ್ ಆಗಿ ಆ ಕಡೆ ಹೋಗುವ ಬಸ್ಸಿನ ನಂಬರ್ ಹಾಕುತ್ತಿದ್ದರು. ಟೆಂಪಲ್ ಕ್ಲೌಡ್ ಆಲ್ಬಂನ ನಂಬರ್ 376. ಊರಿನ ಮೇಲೆ ಎಷ್ಟು ಅಕ್ಕರೆ ಇರಬೇಕು ನೋಡಿ.

1995ರಲ್ಲಿ ನೂರನೇ ರೆಕಾರ್ಡ್ ತಲುಪಿದ ಕೂಡಲೇ ಬಾಗಿಲು ಹಾಕಿದರು. ನಷ್ಟವಾಗಿ ಅಲ್ಲ, ಬೇಕೆಂದೇ. ಬ್ರಿಸ್ಟಲ್‌ನ ಬಂದರಿನಲ್ಲಿ ನಿಂತಿರುವ ಥೆಕ್ಲಾ ಅನ್ನುವ ಹಳೆಯ ಹಡಗಿನಲ್ಲಿ ಬೀಳ್ಕೊಡುಗೆ ಸಂಗೀತ ಕಛೇರಿ ಇಟ್ಟುಕೊಂಡು ಮುಗಿಸಿದರು. ಒಂದು ಬೇಸಿಗೆ ರಜೆಯಲ್ಲಿ ಪೂರ್ತಿ ಕೇಳಿ ಮುಗಿಸಬಹುದು.

ತುಂಗೆಯ ತೀರ

ಏಳಿಂಚು ಸರ್, ಸಾರಾ ಲೇಬಲ್ ನನಗೂ ಪ್ರಾಣ. ಆದರೆ ಬಿಸಿಲಿನ ಸಂಗೀತ ಕೇಳಿದವರಿಗೆ ಫೀಲ್ಡ್ ಮೈಸ್ ಕೊಡುವುದು ಸರಿಯಾ? ಅದು ಅಪ್ಪಟ ಮಳೆಗಾಲದ ಸಂಗೀತ. ತೀರ್ಥಹಳ್ಳಿಯ ಜುಲೈಗೆ ಸರಿ, ಬಳ್ಳಾರಿಯ ಏಪ್ರಿಲ್‌ಗೆ ಅಲ್ಲ.

ಸಾರಾದಲ್ಲಿ ಬಿಸಿಲು ಬೇಕು ಅಂದರೆ ನೇರವಾಗಿ ಹೆವೆನ್ಲಿಗೆ ಹೋಗಿ. ಆಕ್ಸ್‌ಫರ್ಡ್‌ನ ಬ್ಯಾಂಡ್. ಅಮೀಲಿಯಾ ಫ್ಲೆಚರ್ ಹಾಡುಗಾರ್ತಿ. ಅದಕ್ಕೂ ಮೊದಲು ಅವರು ತಲೂಲಾ ಗಾಷ್ ಅನ್ನುವ ಬ್ಯಾಂಡಿನಲ್ಲಿದ್ದರು, ಅದು ಇನ್ನೂ ವೇಗ, ಇನ್ನೂ ಗಲಾಟೆ. ಹೆವೆನ್ಲಿಯಲ್ಲಿ ಎರಡು ಹೆಣ್ಣುದನಿಗಳು ಒಂದರ ಮೇಲೊಂದು ಹೆಣೆದುಕೊಂಡು ಬರುತ್ತವೆ, ಕೆಳಗೆ ಗಿಟಾರ್ ಕುಣಿಯುತ್ತಿರುತ್ತದೆ. ಮೊದಲ ಸಲ ಕೇಳಿದಾಗ ಬರೀ ಖುಷಿ. ಸಾಹಿತ್ಯದ ಕಡೆ ಗಮನ ಕೊಟ್ಟರೆ ಹೆಣ್ಣಿನ ಮೇಲಿನ ದೌರ್ಜನ್ಯದ ಬಗ್ಗೆಯೂ ಅದೇ ಸಿಹಿ ರಾಗದಲ್ಲಿ ಹಾಡಿದ್ದಾರೆ ಅಂತ ಗೊತ್ತಾಗುತ್ತದೆ. ಆ ಕಾಲದ ಬ್ರಿಟಿಷ್ ಪತ್ರಿಕೆಗಳು ಇಂಥ ಬ್ಯಾಂಡುಗಳನ್ನು ಮಕ್ಕಳಾಟ ಅಂತ ತಳ್ಳಿಹಾಕುತ್ತಿದ್ದವು. ಅನ್ಯಾಯ ಅದು.

ಅಮೀಲಿಯಾ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಬ್ರಿಟನ್ನಿನ ವ್ಯಾಪಾರ ಸ್ಪರ್ಧೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಲ್ಲಿ ಮುಖ್ಯ ಅರ್ಥಶಾಸ್ತ್ರಜ್ಞೆಯಾಗಿದ್ದವರು. ಸಂಗೀತವನ್ನು ಮಾತ್ರ ಬಿಡಲಿಲ್ಲ. ಈಗ ಅವರು ಮತ್ತು ಹೆವೆನ್ಲಿಯದೇ ರಾಬ್ ಪರ್ಸಿ ಸೇರಿ ಸ್ಕೆಪ್ ವ್ಯಾಕ್ಸ್ ಅನ್ನುವ ಲೇಬಲ್ ನಡೆಸುತ್ತಿದ್ದಾರೆ. ಹಳೆಯ ಹೆವೆನ್ಲಿ ಆಲ್ಬಂಗಳೂ ಅಲ್ಲಿ ಮತ್ತೆ ಬಂದಿವೆ, ಹೊಸ ಬ್ಯಾಂಡುಗಳೂ ಇವೆ. 2023ರಲ್ಲಿ ಹೆವೆನ್ಲಿ ಮತ್ತೆ ವೇದಿಕೆ ಹತ್ತಿತು.

ಏಳಿಂಚು

ತುಂಗೆ ಮೇಡಂ, ಫೀಲ್ಡ್ ಮೈಸ್ ಬಗ್ಗೆ ಒಪ್ಪುವುದಿಲ್ಲ. ಎಲ್ಲ ಬಿಸಿಲೂ ಮಧ್ಯಾಹ್ನದ್ದೇ ಆಗಿರಬೇಕಾ? ಸಂಜೆ ಐದೂವರೆಯ ಬಿಸಿಲೂ ಬಿಸಿಲೇ.

ಉಳಿದದ್ದೆಲ್ಲ ಒಪ್ಪಿದೆ. ಹೆವೆನ್ಲಿ ಮೊದಲು ಕೇಳಲಿ.

ಧಾರವಾಡ ಸ್ಟ್ರಿಂಗ್ಸ್

ನಾನು ಗಿಟಾರ್ ನುಡಿಸುವವನು, ಆ ಕಡೆಯಿಂದ ಎರಡು ಮಾತು. ತೋಪಿನವರು ಕೇಳಿದ ಆ "ಬಿಸಿಲು" ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಹುಡುಕುವುದು ಸುಲಭ. ಒಂದು ಹಾಡಿನ ಮೊದಲ ಹತ್ತು ಸೆಕೆಂಡಿನಲ್ಲೇ ಕಿವಿ ಹೇಳಿಬಿಡುತ್ತದೆ.

ಒಂದನೆಯದು, ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರ್. ಅದರಲ್ಲಿ ತಂತಿಗಳು ಜೋಡಿ ಜೋಡಿಯಾಗಿರುತ್ತವೆ. ದಪ್ಪಗಿನ ನಾಲ್ಕು ತಂತಿಗಳ ಪಕ್ಕದಲ್ಲಿ ಅದೇ ಸ್ವರದ ಮೇಲಿನ ಸ್ಥಾಯಿಯ ತಂತಿ ಇರುತ್ತದೆ, ಸಣ್ಣ ಎರಡಕ್ಕೆ ಅದೇ ಸ್ಥಾಯಿಯ ಜೋಡಿ. ಒಂದು ಸ್ವರ ಮೀಟಿದರೆ ಮೇಲೊಂದು ಹೊಳಪು ತಾನಾಗಿಯೇ ಬರುತ್ತದೆ. 1964ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ರಿಕನ್‌ಬ್ಯಾಕರ್ ಕಂಪನಿಯ ಇಂಥ ಗಿಟಾರ್ ನುಡಿಸಿದರು. ಅದನ್ನು ನೋಡಿ ದಿ ಬರ್ಡ್ಸ್ ಬ್ಯಾಂಡಿನ ರೋಜರ್ ಮೆಗ್ವಿನ್ ಹಿಡಿದರು. ಇಂಡೀ ಪಾಪ್‌ನವರು ಇಪ್ಪತ್ತು ವರ್ಷ ಬಿಟ್ಟು ಅಲ್ಲಿಂದಲೇ ಎತ್ತಿಕೊಂಡರು. ದುಡ್ಡಿಲ್ಲದವರು ಆರು ತಂತಿಯ ಗಿಟಾರಿಗೇ ಕೇಪೋ (ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ಹಾಕಿ, ಸಣ್ಣ ತಂತಿಗಳನ್ನು ಬಿಟ್ಟ ತಂತಿಯಾಗಿ ಮೊಳಗಲು ಬಿಟ್ಟು ಅದೇ ಗುಣ ತಂದುಕೊಂಡರು.

ಎರಡನೆಯದು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ. ಸಾದಾ ಮೇಜರ್ ಕಾರ್ಡ್‌ನಲ್ಲಿ ಮೂರು ಸ್ವರ. ಅದಕ್ಕೆ ಒಂದು ಏಳನೆಯ ಸ್ವರ ಸೇರಿಸಿದರೆ ಮೇಜರ್ ಸೆವೆಂತ್. ನಮ್ಮ ಲೆಕ್ಕದಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ, ಕಾಕಲಿ ನಿಷಾದ. ನಾಲ್ಕೂ ಶಂಕರಾಭರಣದ ಸ್ವರಗಳೇ. ಆ ಕಾಕಲಿ ನಿಷಾದ ಮೇಲಿನ ಷಡ್ಜಕ್ಕೆ ಅರ್ಧ ಹೆಜ್ಜೆ ಕೆಳಗೆ ನಿಂತಿರುತ್ತದೆ, ತಲುಪುವುದಿಲ್ಲ. ಖುಷಿಯ ಜೊತೆಗೇ ಒಂದು ತುಡಿತ ಬರುವುದು ಅದರಿಂದ. ಏಳಿಂಚು ಮತ್ತು ತುಂಗೆಯವರ ಜಗಳ ಇರುವುದೂ ಇಲ್ಲೇ ಅಂತ ನನಗನ್ನಿಸುತ್ತದೆ. ಈ ಸಂಗೀತದಲ್ಲಿ ಬಿಸಿಲೂ ಬೇಸರವೂ ಒಂದೇ ಕಾರ್ಡ್‌ನಲ್ಲಿ ಕೂತಿವೆ.

ಕೈಯಲ್ಲಿ ಗಿಟಾರ್ ಇರುವವರು ಸಿ ಮೇಜರ್ ಸೆವೆಂತ್‌ನಿಂದ ಎಫ್ ಮೇಜರ್ ಸೆವೆಂತ್‌ಗೆ ನಿಧಾನವಾಗಿ ಹೋಗಿ ಬನ್ನಿ. ಐದು ನಿಮಿಷ ಸಾಕು. ಆಮೇಲೆ ಈ ಗುಣ ಎಲ್ಲಿ ಕೇಳಿದರೂ ಥಟ್ಟನೆ ಗುರುತು ಸಿಗುತ್ತದೆ.

ಮಾವಿನ ತೋಪು

ಧಾರವಾಡದವರೇ, ನನ್ನ ಹತ್ತಿರ ಗಿಟಾರ್ ಇಲ್ಲ, ಆದರೆ ತಮ್ಮನ ಕೀಬೋರ್ಡ್ ಮೇಲೆ ನುಡಿಸಿ ನೋಡಿದೆ. ನೂರಕ್ಕೆ ನೂರು ಅದೇ! ರಿಯಲ್ ಎಸ್ಟೇಟ್ ಯಾಕೆ ಇಷ್ಟ ಅನ್ನುವುದು ಈಗ ಗೊತ್ತಾಯಿತು.

ಹೆವೆನ್ಲಿ ಕೇಳಿದೆ. ತುಂಗೆ ಅಕ್ಕ, ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಇಂಗ್ಲೆಂಡ್ ಬಿಟ್ಟು ಬೇರೆ ಕಡೆ? ನಿಜವಾಗಿ ಬಿಸಿಲಿರುವ ಊರುಗಳಲ್ಲಿ ಇದು ಇಲ್ವಾ?

ಯಾರಾ ನದಿ

ಇದೆ ಮಾರಾಯರೇ, ನಾನು ಅಂಥ ಊರಿನಲ್ಲೇ ಇದ್ದೇನೆ. ಮೆಲ್ಬರ್ನ್‌ಗೆ ಬಂದು ಹಲವು ವರ್ಷವಾಯಿತು. ಇಲ್ಲಿ ಬೇಸಿಗೆ ಅಂದರೆ ಡಿಸೆಂಬರ್, ಕ್ರಿಸ್‌ಮಸ್‌ಗೆ ಜನ ಬೀಚಿಗೆ ಹೋಗುತ್ತಾರೆ.

ಮೊದಲು ಬ್ರಿಸ್ಬೇನ್‌ನಿಂದ ಶುರು ಮಾಡಿ. ದಿ ಗೋ-ಬಿಟ್ವೀನ್ಸ್. ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ರಾಬರ್ಟ್ ಫಾರ್ಸ್ಟರ್ ಮತ್ತು ಗ್ರಾಂಟ್ ಮೆಕ್ಲೆನನ್ ಅನ್ನುವ ಇಬ್ಬರು ಗೆಳೆಯರು 1977ರಲ್ಲಿ ಕಟ್ಟಿದ್ದು. ಗ್ರಾಂಟ್ ಬೆಳೆದದ್ದು ಕ್ವೀನ್ಸ್‌ಲ್ಯಾಂಡಿನ ಉತ್ತರದಲ್ಲಿ, ದನಕರು, ಕಬ್ಬಿನ ಗದ್ದೆಗಳ ಸೀಮೆಯಲ್ಲಿ. 1983ರ ಅವರ "ಕ್ಯಾಟಲ್ ಆ್ಯಂಡ್ ಕೇನ್" ಹಾಡಿನಲ್ಲಿ ಒಬ್ಬ ಹುಡುಗ ಕಬ್ಬಿನ ಗದ್ದೆಗಳ ನಡುವೆ ರೈಲಿನಲ್ಲಿ ಮನೆಗೆ ಹೋಗುತ್ತಾನೆ. ಮಂಡ್ಯ ಕಡೆಯವರಿಗೆ ಆ ಹಾಡಿನ ಪರಿಚಯ ಮಾಡಿಸುವ ಅಗತ್ಯವೇ ಬೀಳುವುದಿಲ್ಲ. ಅದು ಹನ್ನೊಂದು ಎಣಿಕೆಯಲ್ಲಿ ಸಾಗುತ್ತದೆ, ತಾಳ ಬಲ್ಲವರು ಎಣಿಸಿ ನೋಡಿ. ಪಾಪ್ ಹಾಡಿನಲ್ಲಿ ಎಡವದೆ ಹನ್ನೊಂದು ಎಣಿಕೆ ಸಾಗಿಸುವುದು ಸುಮ್ನೆ ಮಾತಲ್ಲ. ಗ್ರಾಂಟ್ 2006ರಲ್ಲಿ ತೀರಿಕೊಂಡರು. 2010ರಲ್ಲಿ ಬ್ರಿಸ್ಬೇನ್ ನದಿಯ ಮೇಲೆ ಹೊಸ ಸೇತುವೆಯಾದಾಗ ಅದಕ್ಕೆ ಈ ಬ್ಯಾಂಡಿನ ಹೆಸರನ್ನೇ ಇಟ್ಟರು. ಗೋ ಬಿಟ್ವೀನ್ ಬ್ರಿಡ್ಜ್.

ನನ್ನ ಹೃದಯಕ್ಕೆ ಇನ್ನೂ ಹತ್ತಿರದ್ದು ಮೆಲ್ಬರ್ನ್‌ನ ದಿ ಲಕ್‌ಸ್ಮಿತ್ಸ್. 1993ರಿಂದ 2009ರವರೆಗೆ ಇದ್ದರು. ಹಾಡುವವರೇ ಡ್ರಮ್ಸ್ ನುಡಿಸುತ್ತಿದ್ದರು, ಅದೂ ನಿಂತುಕೊಂಡು. ಟಾಲಿ ವೈಟ್ ಅಂತ ಹೆಸರು. ಎರಡು ಮೂರು ಡ್ರಮ್ ಅಷ್ಟೇ, ಪೂರ್ತಿ ಸೆಟ್ ಇಲ್ಲ. ಯೂಟ್ಯೂಬ್‌ನಲ್ಲಿ ಹಳೆಯ ವಿಡಿಯೋಗಳಿವೆ, ಅವರು ಹಾಡುತ್ತಾ ಹಾಡುತ್ತಾ ಕೋಲು ಆಡಿಸುವುದನ್ನು ನೋಡಬೇಕು. ಅವರ ಹಾಡುಗಳಲ್ಲಿ ದೊಡ್ಡ ವಿಷಯವೇ ಇರುವುದಿಲ್ಲ. ಬಾಡಿಗೆ ಮನೆ, ಟ್ರ್ಯಾಮ್, ಸೆಕೆ, ಬಿಟ್ಟುಹೋದ ಗೆಳತಿ. ಪ್ರತಿ ಸಾಲನ್ನೂ ಅಷ್ಟು ಜೋಪಾನವಾಗಿ ಕಟ್ಟಿದ್ದಾರೆ. ಒಬ್ಬರೂ ಅವರ ಹೆಸರು ಕೇಳಿಲ್ಲ ಅಂದಾಗ ನನಗೆ ಸಂಕಟವಾಗುತ್ತದೆ.

ಇನ್ನು ನ್ಯೂಜಿಲೆಂಡ್. ಫ್ಲೈಯಿಂಗ್ ನನ್ ಅನ್ನುವ ಲೇಬಲ್, 1981ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ರೋಜರ್ ಶೆಪರ್ಡ್ ಶುರು ಮಾಡಿದ್ದು. ಬ್ಯಾಂಡುಗಳು ಬಹಳಷ್ಟು ಬಂದದ್ದು ಡ್ಯುನೀಡನ್‌ನಿಂದ. ಅದು ದೇಶದ ದಕ್ಷಿಣ ಭಾಗದ ತಣ್ಣನೆಯ ಊರು, ಆದರೆ ಸಂಗೀತ ಮಾತ್ರ ಹೊಳೆಯುತ್ತದೆ. ದಿ ಕ್ಲೀನ್ ಬ್ಯಾಂಡಿನ ಮೊದಲ ಸಿಂಗಲ್‌ಗೆ ರೆಕಾರ್ಡಿಂಗ್ ಖರ್ಚು ಹೆಚ್ಚೂಕಡಿಮೆ ಒಂದು ಹೊತ್ತಿನ ಹೋಟೆಲ್ ಬಿಲ್ಲಿನಷ್ಟು. ಅದು ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 19ನೇ ಸ್ಥಾನಕ್ಕೆ ಏರಿತು! ಅದರಲ್ಲಿ ಚುರುಕಾಗಿ ಓಡುವ ಆರ್ಗನ್ ನುಡಿಸಿದ್ದು ಮಾರ್ಟಿನ್ ಫಿಲಿಪ್ಸ್. ಅವರ ಸ್ವಂತ ಬ್ಯಾಂಡ್ ದಿ ಚಿಲ್ಸ್. ಕ್ಲೀನ್‌ನ ಬೇಸ್ ಗಿಟಾರಿಸ್ಟ್ ರಾಬರ್ಟ್ ಸ್ಕಾಟ್ ಅವರ ಇನ್ನೊಂದು ಬ್ಯಾಂಡ್ ದಿ ಬ್ಯಾಟ್ಸ್. ಒಂದು ರೆಕಾರ್ಡ್ ಹಿಡಿದರೆ ಮೂರು ಬ್ಯಾಂಡ್ ಸಿಕ್ಕಿದವು. ಅದಕ್ಕೇ ಹೇಳುವುದು, ಯಾರು ಏನು ನುಡಿಸಿದ್ದಾರೆ ಅಂತ ರೆಕಾರ್ಡಿನ ಕವರ್ ಮೇಲೆ ಓದಿ.

ಬ್ಯಾಟ್ಸ್‌ನ ನಾಲ್ಕು ಜನ ನಲವತ್ತು ವರ್ಷ ದಾಟಿದರೂ ಅದೇ ನಾಲ್ಕು ಜನ. 1987ರ "ಡ್ಯಾಡೀಸ್ ಹೈವೇ" ಆಲ್ಬಂ ಕಾರಿನಲ್ಲಿ ದೂರ ಹೋಗುವಾಗ ಹಾಕಿಕೊಳ್ಳಿ.

ಉತ್ತರದ ಬೆಳಕು

ಯಾರಾ ಅವರು ಡ್ಯುನೀಡನ್ ತಣ್ಣನೆಯ ಊರು ಅಂದದ್ದು ನೋಡಿ ಬರೆಯಲೇಬೇಕು ಅನ್ನಿಸಿತು. ನಾನಿರುವುದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಬೇಸಿಗೆಯ ಪಾಪ್‌ಗೆ ಇದಕ್ಕಿಂತ ಒಳ್ಳೆಯ ಊರು ಇನ್ನೊಂದಿಲ್ಲ ಅಂತ ನನ್ನ ವಾದ.

ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಆರೂವರೆ ಗಂಟೆ. ಆಫೀಸಿಗೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಜೂನ್ ಬಂದರೆ ಹದಿನೆಂಟು ಗಂಟೆ ಬೆಳಕು. ರಾತ್ರಿ ಹತ್ತಕ್ಕೂ ಜನ ದೋಣಿ, ದ್ವೀಪ ಅಂತ ಹೊರಗೇ ಇರುತ್ತಾರೆ. ಬಿಸಿಲು ನಮಗೆ ವರ್ಷವಿಡೀ ಸಿಗುತ್ತದೆ, ನಾವು ನೆರಳಿನ ಬಗ್ಗೆ ಹಾಡು ಕಟ್ಟುತ್ತೇವೆ. ಇವರಿಗೆ ಬಿಸಿಲು ಎರಡು ತಿಂಗಳ ಅತಿಥಿ, ಅದು ಹೊರಟುಹೋಗುತ್ತದೆ ಅಂತಲೂ ಗೊತ್ತು. ಆ ಅವಸರ, ಆ ಆಸೆ ಹಾಡಿನಲ್ಲಿ ಕೇಳಿಸುತ್ತದೆ.

ಏರ್ ಫ್ರಾನ್ಸ್ ಅನ್ನುವ ಬ್ಯಾಂಡ್ ಕೇಳಿ. ವಿಮಾನದ ಕಂಪನಿಗೂ ಇವರಿಗೂ ಸಂಬಂಧವಿಲ್ಲ. ಇವರು ಬಿಟ್ಟುಹೋದದ್ದು ಎರಡು ಇಪಿ (ಆಲ್ಬಂಗಿಂತ ಚಿಕ್ಕ, ಕೆಲವೇ ಹಾಡುಗಳ ರೆಕಾರ್ಡ್) ಮತ್ತು ಕೆಲವು ಬಿಡಿ ಹಾಡು. 2008ರ "ನೋ ವೇ ಡೌನ್" ಎರಡನೆಯದು. ಹಕ್ಕಿಯ ದನಿ, ತಂತಿವಾದ್ಯಗಳ ತುಣುಕು, ಮಕ್ಕಳ ಮಾತು, ಹಗುರವಾದ ಬೀಟ್, ಎಲ್ಲ ಸೇರಿ ಸಮುದ್ರದ ದಡದಲ್ಲಿ ಬೆಳಗಾಗುತ್ತಿರುವ ಹಾಗೆ. 2012ರಲ್ಲಿ ಬ್ಯಾಂಡ್ ನಿಲ್ಲಿಸಿದರು. ಪೂರ್ತಿ ಆಲ್ಬಂ ಬರಲೇ ಇಲ್ಲ. ಅವರನ್ನು ಹೊರತಂದದ್ದು ಸಿನ್ಸಿಯರ್ಲಿ ಯುವರ್ಸ್ ಲೇಬಲ್. ಅದನ್ನು ನಡೆಸಿದವರು ದಿ ಟಫ್ ಅಲಯನ್ಸ್ ಅನ್ನುವ ಇನ್ನೊಂದು ಗೋಥೆನ್‌ಬರ್ಗ್ ಬ್ಯಾಂಡ್. ಅವರಿಗೂ ಮೊದಲು ಇದೇ ಊರಿನ ದಿ ಎಂಬಸಿ. ಜೆನ್ಸ್ ಲೆಕ್ಮನ್ ಕೂಡ ಇಲ್ಲಿನವರೇ.

ಗಿಟಾರ್ ಪಾಪ್‌ಗೆ ಸ್ಟಾಕ್‌ಹೋಮ್‌ನ ಲ್ಯಾಬ್ರಡಾರ್ ಲೇಬಲ್. ಅಲ್ಲಿ ಯೋಹಾನ್ ಆಂಗರ್‌ಗೋರ್ಡ್ ಅನ್ನುವ ಒಂದು ಹೆಸರು ಹಿಡಿದುಕೊಳ್ಳಿ ಸಾಕು. ಲೇಬಲ್ ನಡೆಸುವವರೂ ಅವರೇ, ಆ್ಯಸಿಡ್ ಹೌಸ್ ಕಿಂಗ್ಸ್, ಕ್ಲಬ್ 8, ದಿ ಲೆಜೆಂಡ್ಸ್ ಬ್ಯಾಂಡುಗಳಲ್ಲಿರುವವರೂ ಅವರೇ. ಆ್ಯಸಿಡ್ ಹೌಸ್ ಕಿಂಗ್ಸ್ ಹೆಸರು ಕೇಳಿ ಡಾನ್ಸ್ ಸಂಗೀತ ಅಂದುಕೊಳ್ಳಬೇಡಿ. ಅಕೂಸ್ಟಿಕ್ ಗಿಟಾರ್, ಕೈಚಪ್ಪಾಳೆ, ಕ್ಯಾಸ್ಟನೆಟ್. ಅಪ್ಪಟ ಜೂನ್ ತಿಂಗಳು.

ಇನ್ನೊಂದು ಕಾರಣವನ್ನೂ ಹೇಳಬೇಕು. ಇಲ್ಲಿ ಬಹುತೇಕ ಎಲ್ಲ ಊರುಗಳ ನಗರಸಭೆಗಳೂ ಮಕ್ಕಳಿಗೆ ಕಡಿಮೆ ಶುಲ್ಕದಲ್ಲಿ ಸಂಗೀತ ಶಾಲೆ ನಡೆಸುವ ಪದ್ಧತಿ ಇದೆ. ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟಿದರೆ ಅಭ್ಯಾಸಕ್ಕೆ ಜಾಗ ಕೊಡುವ ಕಲಿಕಾ ಸಂಘಗಳಿಗೆ ಸರ್ಕಾರದ ಅನುದಾನ ಸಿಗುತ್ತದೆ. ಚಿಕ್ಕ ದೇಶದಿಂದ ಇಷ್ಟೊಂದು ಬ್ಯಾಂಡುಗಳು ಬರುವುದು ಅದರಿಂದಲೂ ಹೌದು.

ಹೊಸ ಕೇಳುಗ

ಓದುತ್ತಾ ಹೋದರೆ ತಲೆ ತಿರುಗುತ್ತಿದೆ. ಇಷ್ಟೆಲ್ಲ ಎಲ್ಲಿ ಸಿಗುತ್ತದೆ? ಅರ್ಧ ಹೆಸರುಗಳು ನನ್ನ ಆ್ಯಪ್‌ನಲ್ಲಿ ಇಲ್ಲ. ಆ ಏರ್ ಫ್ರಾನ್ಸ್ ಅಂತ ಹಾಕಿದರೆ ಟಿಕೆಟ್ ದರ ತೋರಿಸುತ್ತಿದೆ!

ಬಿ ಸೈಡ್

ಬ್ಯಾಂಡುಗಳೂ ಲೇಬಲ್‌ಗಳೂ ತಮ್ಮ ಸಂಗೀತವನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಅನ್ನುವ ಜಾಲತಾಣ ತೆರೆಯಿರಿ. ಅಲ್ಲಿ ನಾನು ಹುಡುಕುವ ಕ್ರಮ ಹೇಳುತ್ತೇನೆ.

ಆಲ್ಬಂ ಪುಟದ ಕೊನೆಯಲ್ಲಿ ಟ್ಯಾಗ್‌ಗಳಿರುತ್ತವೆ. ಜ್ಯಾಂಗಲ್ ಪಾಪ್ (ಮಿನುಗುವ ಗಿಟಾರಿನ ಪಾಪ್), ಇಂಡೀ ಪಾಪ್, ಟ್ವೀ (ಮುಗ್ಧ, ಮುದ್ದು ದನಿಯ ಪಾಪ್), ಹೀಗೆ. ಆದರೆ ಎಲ್ಲರೂ ಒತ್ತುವ ಟ್ಯಾಗ್ ಬಿಡಿ, ಊರಿನ ಹೆಸರಿನ ಟ್ಯಾಗ್ ಒತ್ತಿ. ಡ್ಯುನೀಡನ್, ಗೋಥೆನ್‌ಬರ್ಗ್, ಬಂಡುಂಗ್. ಒಂದು ಊರಿನಲ್ಲಿ ಈ ಬಗೆಯ ಬ್ಯಾಂಡ್ ಒಂದಿದ್ದರೆ ಪಕ್ಕದ ಬೀದಿಯಲ್ಲಿ ಇನ್ನೆರಡು ಇದ್ದೇ ಇರುತ್ತವೆ, ಏಕೆಂದರೆ ಡ್ರಮ್ಮರ್ ಒಬ್ಬರೇ ಆಗಿರುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು, ಆ ಆಲ್ಬಂ ದುಡ್ಡು ಕೊಟ್ಟು ಕೊಂಡವರ ಪುಟ್ಟ ಪುಟ್ಟ ಚಿತ್ರಗಳ ಸಾಲು. ಯಾರಿಗೂ ಗೊತ್ತಿಲ್ಲದ ಆಲ್ಬಂ ಒಂದನ್ನು ಮೂವತ್ತು ಜನ ಕೊಂಡಿದ್ದಾರೆ ಅಂದರೆ ಆ ಮೂವತ್ತು ಜನ ನಿಮ್ಮ ಬಳಗ. ಒಂದೊಂದೇ ಚಿತ್ರ ಒತ್ತಿ, ಅವರು ಇನ್ನೇನೇನು ಕೊಂಡಿದ್ದಾರೆ ನೋಡಿ. ನಾನು ಇಷ್ಟಪಡುವ ಬ್ಯಾಂಡುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೇ ಸಿಕ್ಕಿದ್ದು. ಪೋರ್ಚುಗಲ್‌ನಲ್ಲೋ ಒಸಾಕಾದಲ್ಲೋ ಇರುವ ಒಬ್ಬರ ಸಂಗ್ರಹ ನೋಡಿ ಇವರು ನಮ್ಮವರೇ ಅನ್ನಿಸುವುದು ಬಹಳ ಸಂತೋಷದ ವಿಷಯ.

ಹಳೆಯ ರೆಕಾರ್ಡಿಗೆ ಡಿಸ್ಕಾಗ್ಸ್, ರೆಕಾರ್ಡುಗಳ ವಿವರವೆಲ್ಲ ಇರುವ ಜಾಲತಾಣ. ಯಾರು ಯಾವ ವಾದ್ಯ, ಯಾವ ಸ್ಟುಡಿಯೋ, ಯಾವ ಲೇಬಲ್, ಎಲ್ಲದರ ಮೇಲೂ ಕ್ಲಿಕ್ ಮಾಡಬಹುದು. ಯಾರಾ ಅವರು ಹೇಳಿದ ಆರ್ಗನ್ ಕಥೆ ಅಲ್ಲಿ ಒಂದೇ ಕ್ಲಿಕ್‌ನಲ್ಲಿ ಸಿಗುತ್ತದೆ.

ಇಷ್ಟವಾದರೆ ದಯವಿಟ್ಟು ಕೊಂಡುಕೊಳ್ಳಿ. ಡಿಜಿಟಲ್ ಆಲ್ಬಂ ಮಾರಿದರೆ ಬ್ಯಾಂಡ್‌ಕ್ಯಾಂಪ್ ಶೇ. 15 ಇಟ್ಟುಕೊಳ್ಳುತ್ತದೆ. 2020ರ ಮಾರ್ಚ್‌ನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನಗಳಲ್ಲಿ ಆ ಪಾಲನ್ನೂ ಬಿಡುತ್ತದೆ. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಪಾವತಿ ಸಾಮಾನ್ಯವಾಗಿ ಆಫ್ ಆಗಿರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿಕೊಂಡು, ಒಂದು ಮಿತಿ ಹಾಕಿಕೊಳ್ಳಿ.

ಕಾಪು ಬೀಚ್

ಬಂಡುಂಗ್ ಹೆಸರು ತೆಗೆದರಲ್ಲ, ನನ್ನ ಬಾಯಿಗೇ ಬಂದಿತ್ತು. ಎಲ್ಲರೂ ಯುರೋಪ್, ಆಸ್ಟ್ರೇಲಿಯಾ ಅನ್ನುತ್ತೀರಿ. ಏಷ್ಯಾದಲ್ಲಿ ಎಷ್ಟಿದೆ ಗೊತ್ತಾ?

ಇಂಡೊನೇಷ್ಯಾದ ಬಂಡುಂಗ್‌ನಲ್ಲಿ ಮೋಕ್ಕಾ ಅಂತ ಒಂದು ಬ್ಯಾಂಡ್. ಮೊದಲ ಆಲ್ಬಂ 2002ರಲ್ಲಿ ಬಂತು. ಹಾಡುವ ಅರೀನಾ ಅವರೇ ಕೊಳಲನ್ನೂ ನುಡಿಸುತ್ತಾರೆ. ಸ್ವಿಂಗ್, ಬೋಸಾ ನೋವಾ, ಪಾಪ್ ಮೂರೂ ಬೆರೆತು ಹಗುರವಾಗಿ ಹರಿಯುತ್ತದೆ. ಜಕಾರ್ತಾದಲ್ಲಿ ವೈಟ್ ಶೂಸ್ ಆ್ಯಂಡ್ ದಿ ಕಪಲ್ಸ್ ಕಂಪನಿ, ಕಲಾಶಾಲೆಯಲ್ಲಿ ಓದುತ್ತಿದ್ದವರು ಕಟ್ಟಿದ್ದು. ಅವರಲ್ಲಿ ಹಳೆಯ ಇಂಡೊನೇಷ್ಯಾ ಸಿನಿಮಾ ಹಾಡುಗಳ ಛಾಯೆ ಇದೆ. ಇವರ ಬಿಸಿಲು ನಮ್ಮ ಕರಾವಳಿಯ ಬಿಸಿಲು. ತೇವ ಇದೆ, ತೆಂಗಿನ ಮರ ಇದೆ. ಸ್ವೀಡನ್ನಿನವರದು ನೆನೆಸಿಕೊಂಡ ಬಿಸಿಲು, ಇವರದು ಬೆನ್ನ ಮೇಲೆ ಬಿದ್ದ ಬಿಸಿಲು.

ಜಪಾನಿನ ಫ್ಲಿಪ್ಪರ್ಸ್ ಗಿಟಾರ್ ಬಿಟ್ಟರೆ ಈ ಚರ್ಚೆ ಪೂರ್ತಿಯಾಗುವುದಿಲ್ಲ. 1989ರಲ್ಲಿ ಮೊದಲ ಆಲ್ಬಂ, 1991ಕ್ಕೆ ಮುಗಿಯಿತು. ಗ್ಲಾಸ್ಗೋದ ಆರೆಂಜ್ ಜ್ಯೂಸ್ ಬ್ಯಾಂಡ್ ಅಂದರೆ ಅವರಿಗೆ ಹುಚ್ಚು. ಮೊದಲ ಆಲ್ಬಂಗೆ ಹೆಸರು ಇಟ್ಟದ್ದೂ ಆರೆಂಜ್ ಜ್ಯೂಸ್‌ನ ಒಂದು ಹಾಡಿನಿಂದ ತೆಗೆದುಕೊಂಡು. ಆ ಆಲ್ಬಂ ಪೂರ್ತಿ ಇಂಗ್ಲಿಷ್‌ನಲ್ಲಿದೆ. ಎರಡನೆಯದರಲ್ಲಿ ಜಪಾನಿ ಭಾಷೆಗೆ ಬಂದರು, ಅಲ್ಲಿ ಇನ್ನೂ ಸ್ವತಂತ್ರವಾಗಿದ್ದಾರೆ. ಅವರಲ್ಲಿ ಒಬ್ಬರಾದ ಕೇಗೊ ಒಯಾಮಾಡಾ ಮುಂದೆ ಕಾರ್ನೀಲಿಯಸ್ ಅನ್ನುವ ಹೆಸರಿನಲ್ಲಿ ದೊಡ್ಡ ಹೆಸರು ಮಾಡಿದರು.

ಇವರ ಮೂಲಕ ಹಿಂದಕ್ಕೆ ಹೋದರೆ ಆರೆಂಜ್ ಜ್ಯೂಸ್, ಅವರ ಲೇಬಲ್ ಪೋಸ್ಟ್‌ಕಾರ್ಡ್. ಗ್ಲಾಸ್ಗೋದಲ್ಲಿ ಅಲನ್ ಹಾರ್ನ್ ಶುರು ಮಾಡಿದ್ದು, ಮೊದಲ ರೆಕಾರ್ಡ್ 1980ರಲ್ಲಿ ಬಂತು. ಡ್ರಮ್ ಬಾರಿಸುವ ಬೆಕ್ಕು ಅದರ ಗುರುತು. ಎರಡೇ ವರ್ಷದೊಳಗೆ ಮುಚ್ಚಿತು. ಯಾರಾ ಅವರ ಗೋ-ಬಿಟ್ವೀನ್ಸ್ ಕೂಡ ಅಲ್ಲೊಂದು ಸಿಂಗಲ್ ಮಾಡಿದ್ದಾರೆ! ಟೋಕಿಯೊ, ಗ್ಲಾಸ್ಗೋ, ಬ್ರಿಸ್ಬೇನ್ ಎಲ್ಲ ಒಂದೇ ದಾರದಲ್ಲಿವೆ.

ತುಂಗೆಯ ತೀರ

ಸ್ಪೇನ್ ಬಿಟ್ಟುಹೋಯಿತು. ಉತ್ತರದ ಸಾನ್ ಸೆಬಾಸ್ಟಿಯನ್ ಅನ್ನುವ ಕಡಲೂರಿನಲ್ಲಿ ತೊಂಬತ್ತರ ದಶಕದಲ್ಲಿ ಫ್ಯಾಮಿಲಿ, ಲ ಮಾನ್ಸ್, ಲಾ ಬುಯೆನಾ ವಿದಾ ಅಂತ ಮೂರು ಬ್ಯಾಂಡುಗಳಿದ್ದವು. ದನಿ ಏರಿಸದೆ ಹಾಡುತ್ತಾರೆ. ಫ್ಯಾಮಿಲಿ ಒಂದೇ ಆಲ್ಬಂ ಮಾಡಿ ಸುಮ್ಮನಾದರು, ಅದನ್ನು ಸ್ಪ್ಯಾನಿಷ್ ಬಲ್ಲವರು ಇಂದಿಗೂ ಎದೆಗವಚಿಕೊಳ್ಳುತ್ತಾರೆ. ಮ್ಯಾಡ್ರಿಡ್‌ನ ಎಲಿಫೆಂಟ್ ರೆಕಾರ್ಡ್ಸ್ ಹುಡುಕಿ. ಭಾಷೆ ಬಾರದಿದ್ದರೂ ಏನೂ ಕಡಿಮೆಯಾಗುವುದಿಲ್ಲ.

ಮಲ್ಲೇಶ್ವರ ಮೊದಲ ಬೆಂಚು

ಸ್ವಲ್ಪ ಬೇರೆ ಮಾತು. ಇಲ್ಲಿ "ಯಾರಿಗೂ ಗೊತ್ತಿಲ್ಲದ" ಅನ್ನುವುದಕ್ಕೇ ತೂಕ ಜಾಸ್ತಿ ಕೊಡುತ್ತಿದ್ದೇವೆ ಅನ್ನಿಸಿತು. ನೂರು ಜನ ಕೇಳಿದ ಬ್ಯಾಂಡ್ ಅದೊಂದೇ ಕಾರಣಕ್ಕೆ ಒಳ್ಳೆಯದಾಗುವುದಿಲ್ಲ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಹನ್ನೆರಡು ತಂತಿ, ಟ್ಯಾಂಬೊರಿನ್, ಹಳೆ ಫೋಟೋದ ಕವರ್ ಎಲ್ಲ ಇಟ್ಟುಕೊಂಡು ಒಳಗೆ ರಾಗವೇ ಇಲ್ಲದ ಎಷ್ಟೋ ಆಲ್ಬಂಗಳಿವೆ. ದಿ ಕಾರ್ಡಿಗನ್ಸ್‌ನ 1995ರ "ಲೈಫ್" ಆಲ್ಬಂ ಜಗತ್ತೇ ಕೇಳಿದೆ. ಜಪಾನಿನಲ್ಲಂತೂ ಮನೆಮಾತು. ಅದರಷ್ಟು ಬೇಸಿಗೆ ತುಂಬಿದ ಆಲ್ಬಂ ನನಗೆ ಇನ್ನೊಂದು ಸಿಕ್ಕಿಲ್ಲ. ಅದು ಎಲ್ಲರಿಗೂ ಗೊತ್ತು ಅಂತ ಬಿಡುವುದಾ?

ಏಳಿಂಚು

ಬಿಡಬಾರದು. ಆದರೆ ಎಲ್ಲರಿಗೂ ಗೊತ್ತಿರುವುದು ತಾನಾಗಿಯೇ ನಮ್ಮ ಹತ್ತಿರ ಬರುತ್ತದೆ. ಲಕ್‌ಸ್ಮಿತ್ಸ್ ಬರುವುದಿಲ್ಲ, ಅವರ ಹತ್ತಿರ ನಾವೇ ಹೋಗಬೇಕು. ಹುಡುಕುವುದಕ್ಕೆ ಇದಿಷ್ಟೇ ಕಾರಣ. ಗೊತ್ತಿಲ್ಲದ್ದು ಮೇಲು ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಮಲ್ಲೇಶ್ವರ ಮೊದಲ ಬೆಂಚು

ಹಾಗಾದರೆ ಸರಿ. ಅಂದ ಹಾಗೆ ನಮ್ಮ ದೇಶದ್ದು ಯಾರೂ ಹೇಳಲಿಲ್ಲ. ಕೋಲ್ಕತ್ತಾದ ಪಾರೇಖ್ ಆ್ಯಂಡ್ ಸಿಂಗ್ ಇದ್ದಾರೆ, 2016ರ "ಓಷನ್" ಆಲ್ಬಂ ಕೇಳಿ. ಲಂಡನ್ನಿನ ಪೀಸ್‌ಫ್ರಾಗ್ ಲೇಬಲ್ ಹೊರತಂದಿದೆ. ಪುಣೆಯ ಈಸಿ ವಾಂಡರ್ಲಿಂಗ್ಸ್ ಇದ್ದಾರೆ. ಕೊಚ್ಚಿಯ ವೆನ್ ಚಾಯ್ ಮೆಟ್ ಟೋಸ್ಟ್ ಈಗ ಸಾಕಷ್ಟು ಹೆಸರುವಾಸಿ, ಬ್ಯಾಂಜೋ ಹಿಡಿದು ಕುಣಿಸುತ್ತಾರೆ. ಕನ್ನಡದಲ್ಲಿ ಈ ಬಗೆಯದ್ದು ಕೇಳಬೇಕು ಅಂತ ನನಗೆ ತುಂಬಾ ಆಸೆ. ಯಾರಾದರೂ ಮಾಡುತ್ತಿದ್ದರೆ ಇಲ್ಲೇ ಹಾಕಿ, ಮೊದಲ ಕಾಪಿ ನನ್ನದು.

ಧಾರವಾಡ ಸ್ಟ್ರಿಂಗ್ಸ್

ಮಲ್ಲೇಶ್ವರದವರೇ, ನಾವು ಮೂವರು ಇಲ್ಲಿ ಎರಡು ಹಾಡು ಕಟ್ಟಿದ್ದೇವೆ. ಹಾಡುವವರು ಬೇಕಾಗಿದ್ದಾರೆ. ಮಹಾ ಗಾಯಕರಾಗಿರಬೇಕಿಲ್ಲ ಅಂತ ಮೇಲೆ ತೋಪಿನವರೇ ಹೇಳಿದ್ದಾರೆ, ಮೆಸೇಜ್ ಮಾಡಿ.

ಬಿ ಸೈಡ್

ಹಬ್ಬವೊಂದರ ಬಗ್ಗೆ ಹೇಳದೆ ಹೋಗಲಾರೆ. ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಇಂಡೀಟ್ರ್ಯಾಕ್ಸ್‌ಗೆ ಹೋಗಿದ್ದೆ. ಡರ್ಬಿಶೈರ್‌ನ ಬಟರ್ಲಿ ಅನ್ನುವಲ್ಲಿ ಹಳೆಯ ಉಗಿಬಂಡಿಗಳನ್ನು ಕಾಪಾಡಿಟ್ಟಿರುವ ರೈಲ್ವೆ ಇದೆ. 2007ರಿಂದ 2019ರವರೆಗೆ ಅಲ್ಲೇ ಈ ಇಂಡೀ ಪಾಪ್ ಹಬ್ಬ ನಡೆಯುತ್ತಿತ್ತು. ಒಂದು ವೇದಿಕೆ ಎಂಜಿನ್ ಶೆಡ್ಡಿನಲ್ಲಿ. ಇನ್ನೊಂದು ತಗಡಿನ ಪುಟ್ಟ ಚರ್ಚಿನಲ್ಲಿ, ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂರಬೇಕು. ಮತ್ತೊಂದು ಓಡುವ ರೈಲಿನ ಬೋಗಿಯೊಳಗೆ! ಗಾರ್ಡ್ ಸೀಟಿ ಊದಿದರು, ಬೋಗಿ ಜಗ್ಗಿತು, ಇಬ್ಬರು ಹುಡುಗಿಯರು ಒಂದು ಯುಕುಲೇಲೆ ಹಿಡಿದು ಮೈಕೇ ಇಲ್ಲದೆ ಹಾಡಿದರು. ಚಕ್ರದ ಸದ್ದೇ ತಾಳ. ನಿಂತವರೆಲ್ಲ ಮೇಲಿನ ಲಗೇಜ್ ಕಂಬಿ ಹಿಡಿದುಕೊಂಡು ದನಿ ಸೇರಿಸಿದರು. ಹಾಡಿದವರೇ ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ ಟೇಬಲ್ ಹಾಕಿ ಕ್ಯಾಸೆಟ್ ಮಾರುತ್ತಿದ್ದರು.

ಹಬ್ಬ ಈಗಿಲ್ಲ. ಆದರೆ ಆ ಹಳೆಯ ವರ್ಷಗಳ ಪೋಸ್ಟರುಗಳು ನೆಟ್‌ನಲ್ಲಿ ಸಿಗುತ್ತವೆ. ಪೋಸ್ಟರಿನ ಕೆಳಗೆ ಚಿಕ್ಕ ಅಕ್ಷರದಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಹಾಕಿ ಕೇಳಿ. ಬ್ಯಾಂಡ್ ಹುಡುಕುವುದಕ್ಕೆ ಇದಕ್ಕಿಂತ ಸೊಗಸಾದ ದಾರಿ ನನಗೆ ಗೊತ್ತಿಲ್ಲ.

ಮಾವಿನ ತೋಪು

ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಲಿ. ಲಕ್‌ಸ್ಮಿತ್ಸ್ ಬಿಡದೆ ಕೇಳುತ್ತಿದ್ದೇನೆ. ನಿಂತು ಡ್ರಮ್ಸ್ ನುಡಿಸುವ ವಿಡಿಯೋ ಮನೆಯವರಿಗೆಲ್ಲ ತೋರಿಸಿದೆ. ಮೋಕ್ಕಾ ಅಮ್ಮನಿಗೂ ಹಿಡಿಸಿದೆ, ಅಡುಗೆ ಮಾಡುವಾಗ ಹಾಕು ಅನ್ನುತ್ತಾರೆ. ಫೀಲ್ಡ್ ಮೈಸ್ ವಿಷಯದಲ್ಲಿ ನನ್ನ ಮತ ಏಳಿಂಚು ಅವರಿಗೆ. ತುಂಗೆ ಅಕ್ಕ ಬೇಜಾರು ಮಾಡಿಕೊಳ್ಳಬಾರದು.

ಯಾರಾ ಅವರೇ, ಗೋ-ಬಿಟ್ವೀನ್ಸ್ ಕೇಳಿದ ಮೇಲೆ ಒಂದು ಪ್ರಶ್ನೆ. ಈಚಿನ ವರ್ಷಗಳಲ್ಲಿ ಆ ಕಡೆ ಇದೇ ಬಗೆಯ ಹೊಸಬರು ಬಂದಿದ್ದಾರಾ?

ಯಾರಾ ನದಿ

ಬಂದಿದ್ದಾರೆ, ಅದೂ ಅದೇ ಮನೆಯಿಂದ. ಬ್ರಿಸ್ಬೇನ್‌ನ ದಿ ಗೂನ್ ಸ್ಯಾಕ್ಸ್. ಮೂವರಲ್ಲಿ ಒಬ್ಬರಾದ ಲೂಯಿಸ್ ಫಾರ್ಸ್ಟರ್, ರಾಬರ್ಟ್ ಫಾರ್ಸ್ಟರ್ ಅವರ ಮಗ. 2016ರಲ್ಲಿ "ಅಪ್ ಟು ಎನಿಥಿಂಗ್" ಬಂದಾಗ ಇನ್ನೂ ಹದಿಹರೆಯದವರು, ಆ ಮುಗ್ಧತೆ ದನಿಯಲ್ಲೇ ಇದೆ. ಮೂರು ಆಲ್ಬಂ ಮಾಡಿ 2022ರಲ್ಲಿ ಬೇರೆಯಾದರು. ಮೊದಲಿನ ಎರಡು ಆಲ್ಬಂ ಹೊರತಂದದ್ದು ಮೆಲ್ಬರ್ನ್‌ನ ಚಾಪ್ಟರ್ ಮ್ಯೂಸಿಕ್. ಅವರ ಪುಟ ತೆರೆದು ಡಿಕ್ ಡೈವರ್, ಟ್ವರ್ಪ್ಸ್ ಎರಡನ್ನೂ ಕೇಳಿ. ಕೇಳಿ ಆದ ಮೇಲೆ ಇಲ್ಲೇ ಬರೆಯಿರಿ, ಡಿಕ್ ಡೈವರ್ ಬಗ್ಗೆ ಮಾತಾಡಲು ನನಗೆ ಇಲ್ಲಿ ಒಬ್ಬ ಕನ್ನಡಿಗರೂ ಸಿಕ್ಕಿಲ್ಲ.